ರಸಮಟ್ಟನ ಮೊಣಕಾಲು

ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದನ್ನು ಈಗ ಯಾರೂ ಬಳಸುವುದಿಲ್ಲ. ಕೆಲಸದ ಕಡೆ ಎಲ್ಲರಿಗೂ ಅವನು ರಸಮಟ್ಟ. ನೆಲ ಸಮ ಇದೆಯೋ ಇಲ್ಲವೋ ಎಂದು ನೋಡಲು ಗಾರೆ ಕೆಲಸದವರು ಒಂದು ಕೋಲು ಇಟ್ಟುಕೊಂಡಿರುತ್ತಾರಲ್ಲ, ಒಳಗಿನ ನೀರಿನಲ್ಲಿ ಗುಳ್ಳೆ ಓಡಾಡುತ್ತದಲ್ಲ, ಅದೇ ರಸಮಟ್ಟ. ಈ ಮನುಷ್ಯ ಕೋಲು ತೆಗೆಯುವ ಮೊದಲೇ ಬರಿಗಾಲಲ್ಲಿ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆದು, ಎಲ್ಲಿ ಏರು ಎಲ್ಲಿ ತಗ್ಗು ಎಂದು ಬೆರಳು ತೋರಿಸಿಬಿಡುತ್ತಿದ್ದ. ಬೆರಳು ತೋರಿಸುತ್ತಿದ್ದ ಅಷ್ಟೇ. ಬಾಯಿ ಬಿಡುತ್ತಿರಲಿಲ್ಲ.

"ನಮ್ಮ ಭಾವ ಹುಟ್ಟುವಾಗಲೇ ಬಾಯಿಗೆ ಸಿಮೆಂಟು ಮೆತ್ತಿಸ್ಕೊಂಡು ಬಂದವ್ರು," ಎಂದು ಭಾವಮೈದ ಎಲ್ಲರೆದುರಿಗೂ ಹೇಳುತ್ತಿದ್ದ.

ಭಾವಮೈದ ಅಂದರೆ ಹೆಂಡತಿಯ ತಮ್ಮ. ಇಬ್ಬರದೂ ಜೋಡಿ ಕೆಲಸ. ಅವನು ಮರಳು ಸಿಮೆಂಟು ಕಲಸಿ ಮಾಲು ಮಾಡಿ ತಂದು ಸುರಿಯುವುದು, ಇವನು ಮೊಣಕಾಲೂರಿ ಕರಣಿಯಲ್ಲಿ ಹರಡಿ, ಮೇಲೆ ಟೈಲ್ಸ್ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಮಾತು ಪೂರ್ತಿ ಭಾವಮೈದನ ಪಾಲು. ಕೆಲಸ ಬೆಳಗಿಂದ ಸಂಜೆಯವರೆಗೆ ಹೀಗೇ ನಡೆಯುತ್ತಿತ್ತು.

ಮೇಸ್ತ್ರಿಯ ಹೆಂಡತಿ ಮನೆಯಲ್ಲಿರಲಿಲ್ಲ. ಕಟ್ಟಡದ ಕೆಲಸಗಳೆಲ್ಲ ನಿಂತುಹೋಗಿದ್ದ ಕಾಲದಲ್ಲಿ, ದೂರದ ಪಟ್ಟಣದಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಳ್ಳಲು ಹೋದವಳು. ಒಂದು ವರ್ಷ ಅಂತ ಹೋಗಿದ್ದು, ಹನುಮಂತನ ಬಾಲದ ಹಾಗೆ ಬೆಳೆಯಿತು. ಇಲ್ಲಿ ಕೆಲಸ ಮತ್ತೆ ಶುರುವಾದರೂ ಅಲ್ಲಿ ಬಿಡಿಸಿಕೊಂಡು ಬರಲಾಗಲಿಲ್ಲ. ಇವಳು ಅಮ್ಮ ಅಂತಲೇ ಕರೆಯುತ್ತಿದ್ದ ಆ ಮುದುಕಿ ಇವಳ ಕೈ ಬಿಟ್ಟರೆ ಬೇರೆಯವರ ಕೈಯಿಂದ ತುತ್ತು ತಿನ್ನುತ್ತಿರಲಿಲ್ಲ. ಇವರಿಗೆ ಮಕ್ಕಳಿರಲಿಲ್ಲ. ಸಂಜೆ ಮೇಸ್ತ್ರಿ ಬೀಗ ತೆಗೆದು ಒಳಗೆ ಬಂದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಸರಿಸಲು ಇನ್ನೊಂದು ಕೈ ಇಲ್ಲವಲ್ಲ ಅಂತ ಒಂದು ಗಳಿಗೆ ನಿಂತು ನೋಡುತ್ತಿದ್ದ.

ಭಾನುವಾರ ಮಧ್ಯಾಹ್ನ ಮುದುಕಿ ಮಲಗಿದ ಮೇಲೆ ಅವಳ ಫೋನು ಬರುತ್ತಿತ್ತು.

"ಊಟ ಆಯ್ತಾ ರೀ?"

"ಆಯ್ತು."

"ಏನ್ ತಿಂದ್ರಿ?"

"ಮಾಡಿದ್ದನ್ನ."

"ಮಂಡಿ ನೋವು ಹೇಗಿದೆ?"

"ಏನಿಲ್ಲ."

"ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಗೋಡೆನಾದ್ರೂ ಆಡಿದ ಮಾತನ್ನ ವಾಪಸ್ ಕೊಡತ್ತೆ."

ಅವನು ನಗುತ್ತಿದ್ದ. ಸದ್ದಿಲ್ಲದ ಆ ನಗು ಫೋನಿನಲ್ಲಿ ಕೇಳಿಸುವುದಾದರೂ ಹೇಗೆ? ಆದರೂ ಅವಳಿಗೆ ತಿಳಿಯುತ್ತಿತ್ತು.

ಒಂದು ಸಲ ಅವಳು, "ಇರಿ, ಒಂದು ಕೇಳಿಸ್ತೀನಿ," ಎಂದಳು. ಆಮೇಲೆ ನೆಲಕ್ಕೆ ಕುಟ್ಟಿದ ಟಕ್, ಟಕ್ ಸದ್ದು ಬಂತು. ಸ್ವಲ್ಪ ಸರಿದು ಇನ್ನೊಂದು ಟಕ್. ಆಮೇಲೆ ಡಬ್.

"ಗೊತ್ತಾಯ್ತಾ?"

"ಪೊಳ್ಳು," ಎಂದ ಮೇಸ್ತ್ರಿ. "ಕೆಳಗೆ ಮಾಲು ಪೂರ್ತಿ ಕೂತಿಲ್ಲ. ಯಾವನೋ ಅವಸರ ಮಾಡಿದಾನೆ."

"ನಾನೂ ಅದೇ ಅಂದ್ಕೊಂಡೆ. ಅಮ್ಮನ ರೂಮಿಂದ ಅಡುಗೆಮನೆಗೆ ಹೋಗೋ ದಾರೀಲಿದೆ. ಅದನ್ನ ತುಳಿದಾಗೆಲ್ಲ ನೀವು ಪಕ್ಕದಲ್ಲಿ ನಿಂತು ಮುಖ ಸಿಂಡರಿಸಿದ ಹಾಗಾಗತ್ತೆ. ಬೇಕು ಅಂತಾನೇ ತುಳೀತೀನಿ."

ಅವಳು ಫೋನಿಟ್ಟ ಮೇಲೂ ಅವನು ಕಿವಿಯಿಂದ ತೆಗೆಯಲಿಲ್ಲ.

ಇವನ ಸ್ವಂತ ಮನೆಯ ಅಡುಗೆಮನೆಗೆ ಮಾತ್ರ ನೆಲವೇ ಇರಲಿಲ್ಲ ಅನ್ನಬೇಕು. ಹಳೇ ಸಿಮೆಂಟು ಕಿತ್ತು, ಒಲೆಯ ಮುಂದೆ ಗುಂಡಿ ಬಿದ್ದು, ನೀರು ಚೆಲ್ಲಿದರೆ ಅಲ್ಲೇ ನಿಲ್ಲುತ್ತಿತ್ತು. ಕುಂಬಾರನ ಮನೇಲಿ ಒಡಕು ಮಡಕೆ ಅನ್ನುತ್ತಾರಲ್ಲ, ಹಾಗೆ. "ಕಂಡವರ ಮನೆಗೆಲ್ಲ ಕನ್ನಡಿ ಹಾಸ್ತೀರ, ನನಗೆ ಮಾತ್ರ ಈ ಕೆರೆ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆಗ ಮಾಡಬಹುದಿತ್ತು. ಮಾಡೋಣ ಮಾಡೋಣ ಅಂತ ದಿನ ಹೋದವು, ಅವಳೂ ಹೋದಳು.

ಒಂದು ಭಾನುವಾರ ಅವಳ ದನಿ ಬೇರೆ ಥರ ಇತ್ತು.

"ರೀ, ಅಮ್ಮನ ಮಗಳು ಬರ್ತಾಳಂತೆ ಮುಂದಿನ ತಿಂಗಳು. ನನಗೆ ರಜ ಕೊಡ್ತಾರಂತೆ. ಬರ್ತೀನಿ."

ಮೇಸ್ತ್ರಿ ಕೂತಿದ್ದವನು ಎದ್ದು ನಿಂತ. "ಎಷ್ಟು ದಿನಕ್ಕೆ?"

"ಆ ಮಗಳು ಅಲ್ಲಿರೋ ತನಕ. ಆಮೇಲೆ ಹೋಗಬೇಕಲ್ಲ."

ಹೋಗಬೇಕಲ್ಲ ಅನ್ನುವ ಮಾತನ್ನು ಅವನು ಅಲ್ಲೇ ಬಿಟ್ಟ. ಬರ್ತೀನಿ ಅನ್ನುವುದನ್ನು ಮಾತ್ರ ಇಟ್ಟುಕೊಂಡ. ಅವತ್ತೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳತೆ ಹಿಡಿದ. ಅವಳು ಬರುವಷ್ಟರಲ್ಲಿ ಇಲ್ಲಿ ನೆಲ ಆಗಿರಬೇಕು. ಒಲೆಯ ಮುಂದೆ ಬರಿಗಾಲಲ್ಲಿ ನಿಂತರೆ ಅವಳಿಗೆ ಮತ್ತೆ ಹೋಗುವ ಮನಸ್ಸು ಬರಬಾರದು. ಹೀಗೆ ಯೋಚಿಸುತ್ತಿದ್ದೇನೆ ಅಂತ ಅವನು ಯಾರಿಗೂ ಹೇಳಲಿಲ್ಲ. ಭಾವಮೈದ ಕೇಳಿದ್ದಕ್ಕೆ, "ಟೈಲ್ಸ್ ಉಳಿದಿತ್ತು, ಹಾಕ್ತಿದೀನಿ," ಎಂದ.

ಕಷ್ಟ ಅಂದರೆ ಮೊಣಕಾಲು. ಇಷ್ಟು ವರ್ಷ ಊರಿದ ಬಲಗಡೆಯ ಮೊಣಕಾಲು ಬನ್ನಿನ ಹಾಗೆ ಊದಿಕೊಂಡಿತ್ತು. ಬೆಳಿಗ್ಗೆ ಎದ್ದಾಗ ಗೋಡೆ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದ. ಅಲ್ಲಿನ ಡಾಕ್ಟರು ಮಂಡಿ ಒತ್ತಿ ನೋಡಿ ಮಾತ್ರೆ ಬರೆದುಕೊಟ್ಟರು. ನೋವಿಗೂ ಊತಕ್ಕೂ ಸೇರಿ ಒಂದೇ ಮಾತ್ರೆ, ಊಟ ಆದ ಮೇಲೆ, ಐದೇ ದಿನ, ಮಂಡಿಗೆ ವಿಶ್ರಾಂತಿ ಕೊಡಿ, ಕಡಿಮೆ ಆಗದಿದ್ದರೆ ವಾಪಸ್ ಬನ್ನಿ ಅಂದರು. ಮೇಸ್ತ್ರಿ ತಲೆ ಆಡಿಸಿದ.

ಮಾತ್ರೆ ಒಳ್ಳೆಯದೇ. ಎರಡನೇ ದಿನಕ್ಕೆ ಊತ ಇಳಿಯಿತು. ಮೊಣಕಾಲು ತನ್ನದೇ ಅಲ್ಲ ಅನ್ನುವ ಹಾಗೆ ಹಗುರಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಡುಗೆಮನೆಯ ಹಳೇ ನೆಲ ಸ್ವಲ್ಪ ಸ್ವಲ್ಪ ಅಗೆಯುವುದು, ಭಾನುವಾರ ಒಂದೆರಡು ಸಾಲು ಟೈಲ್ಸ್ ಕೂರಿಸುವುದು. ಐದು ದಿನ ಮುಗಿಯಿತು, ನೋವು ತಿರುಗಿ ಬಂತು. ಇವನು ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ವಿಶ್ರಾಂತಿ ಅನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಹಾಳೆ ತೋರಿಸಿ ಅದನ್ನೇ ತಂದ. ಅದು ಮುಗಿದ ಮೇಲೆ ಮತ್ತೆ ತಂದ.

ಸ್ವಲ್ಪ ದಿನಕ್ಕೆ ಒಂದು ಮಾತ್ರೆ ಸಾಲದು ಅನ್ನಿಸಿತು. ಭಾವಮೈದನ ಹತ್ತಿರ ಸೊಂಟದ ನೋವಿನ ಮಾತ್ರೆ ಇತ್ತು.

"ಭಾವ, ಇದು ಬೇರೆ. ನಿಮ್ಮದು ಬಿಳಿ, ನಂದು ಕೇಸರಿ. ಹೆಸರೂ ಬೇರೆ. ನನ್ನ ಸೊಂಟಾನ ಕಬ್ಬಿಣ ಮಾಡಿಬಿಟ್ಟಿದೆ, ತಗೊಳ್ಳಿ."

ಮೇಸ್ತ್ರಿ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದ. ಅವನಿಗೆ ತಿಳಿದ ಲೆಕ್ಕ ಅವನ ಕೆಲಸದ್ದು. ಟೈಲ್ಸ್ ಕೂರಿಸೋಕೆ ಒಂದು ಪುಡಿ, ಸಂದು ತುಂಬೋಕೆ ಇನ್ನೊಂದು. ಎರಡೂ ಸೇರಿದರೇನೇ ನೆಲ ಗಟ್ಟಿ. ನೀರು ಜಾಸ್ತಿ ಬೀಳೋ ಜಾಗಕ್ಕೆ ಸಿಮೆಂಟು ಒಂದು ಪಾಲು ಜಾಸ್ತಿ ಹಾಕಬೇಕು. ಮೊಣಕಾಲಿಗೂ ಹಾಗೇ ಅಂದುಕೊಂಡ. ಮೈ ಕೈ ಎಲ್ಲ ಹಿಂಡಿದ ಹಾಗಾದ ದಿನ ಜ್ವರದ ಮಾತ್ರೆಯೊಂದನ್ನೂ ಸೇರಿಸುತ್ತಿದ್ದ.

ಇನ್ನೊಂದು ಇತ್ತು. ಮಾಲು ಹರಡಿದ ಮೇಲೆ ಟೈಲ್ಸ್ ಕೆಲಸದವನು ಏಳುವ ಹಾಗಿಲ್ಲ. ಎದ್ದರೆ ಮಾಲು ಬಿಗಿಯುತ್ತದೆ, ಮೇಲೆ ಕೂರಿಸಿದ್ದು ಪೊಳ್ಳಾಗುತ್ತದೆ. ಏಳಬಾರದು ಅಂದರೆ ಮೂತ್ರಕ್ಕೆ ಹೋಗಬಾರದು, ಹಾಗಾಗಿ ನೀರು ಕುಡಿಯಬಾರದು. ಅವರ ಪೈಕಿ ಎಲ್ಲರೂ ಕಲಿತದ್ದೇ ಹೀಗೆ. ಊಟವೂ ಮಾಲು ಮುಗಿದ ಮೇಲೆ. ಮಧ್ಯಾಹ್ನ ಮೂರಾದರೂ ಆಯಿತು, ನಾಲ್ಕಾದರೂ ಆಯಿತು. ಮಾತ್ರೆ ಮಾತ್ರ ಬೆಳಿಗ್ಗೆಯೇ, ಒಂದು ಗುಟುಕು ಟೀಯಲ್ಲಿ. ಖಾಲಿ ಹೊಟ್ಟೆಗೆ ಬೇಗ ಹತ್ತುತ್ತೆ ಅಂತ ಅವನ ನಂಬಿಕೆ.

ಎದೆಯ ಕೆಳಗೆ ಉರಿಯಲು ಶುರುವಾಯಿತು. ಹಸಿವು ಅಂದುಕೊಂಡ. ಮಲ ಕಪ್ಪಗೆ, ರಸ್ತೆಗೆ ಹಾಕುವ ಟಾರಿನ ಹಾಗೆ ಹೋಗತೊಡಗಿತು. ಒಂದು ದಿನ ನೋಡಿದ, ಎರಡು ದಿನ ನೋಡಿದ. ಅಂಥದ್ದನ್ನು ಯಾರ ಹತ್ತಿರ ಹೇಳುವುದು? ಹೆಂಡತಿ ಹತ್ತಿರ ಇದ್ದಿದ್ದರೆ ಅವನ ಮುಖ ನೋಡಿಯೇ ಕೇಳುತ್ತಿದ್ದಳು. ಫೋನಿಗೆ ಮುಖ ಕಾಣುವುದಿಲ್ಲ.

"ಯಾಕೆ ದನಿ ಇಳಿದಿದೆ?" ಎಂದು ಅವಳು ಒಮ್ಮೆ ಕೇಳಿದಳು.

"ಏನಿಲ್ಲ. ಯಾವಾಗ ಹೊರಡ್ತೀಯ?"

"ಬರೋ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದ ತಕ್ಷಣ ಫೋನ್ ಮಾಡ್ತೀನಿ."

ಆ ಭಾನುವಾರ ಅಡುಗೆಮನೆ ಅರ್ಧಕ್ಕಿಂತ ಜಾಸ್ತಿ ಆಗಿತ್ತು. ಒಲೆಯ ಮುಂದಿನ ಜಾಗ ಮಾತ್ರ ಉಳಿದಿತ್ತು. ಸಂಜೆಗೆ ಅವಳು ಮನೆ ಸೇರುತ್ತಾಳೆ. ಸಂದು ತುಂಬುವುದು ಆಮೇಲಾದರೂ ಆದೀತು, ಮೊದಲು ಟೈಲ್ಸ್ ಕೂತುಬಿಡಲಿ ಎಂದು ಅವನು ಒಂದೇ ಸಲಕ್ಕೆ ಪೂರ್ತಿ ಮಾಲು ಹರಡಿದ. ಭಾವಮೈದ ಅಂಗಳದಲ್ಲಿ ಇನ್ನೊಂದು ಬುಟ್ಟಿ ಕಲಸುತ್ತಿದ್ದ. ಆಗ ಕಿಟಕಿಯ ಮೇಲಿಟ್ಟಿದ್ದ ಫೋನು ಬಡಿದುಕೊಂಡಿತು.

ಮಾಲು ಹರಡಿದ ಮೇಲೆ ಏಳುವ ಹಾಗಿಲ್ಲ. ಯಾರ ಫೋನು ಬಂದರೂ ಅವನು ಎದ್ದವನಲ್ಲ. ಅವತ್ತು ಎದ್ದ. ಒಮ್ಮೆಲೇ ಎದ್ದ. ಕಿಟಕಿಯ ಬೆಳಕು ಕಪ್ಪಾಯಿತು, ಕೈ ಎಲ್ಲೋ ಊರಿತು, ತಣ್ಣಗಿನ ಮಾಲು ಕೆನ್ನೆಗೆ ತಗುಲಿದ್ದು ಗೊತ್ತಾಯಿತು. ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು.

ಭಾವಮೈದ ಬುಟ್ಟಿ ಬಿಸಾಡಿ ಓಡಿಬಂದ. ಮೇಸ್ತ್ರಿ ವಾಂತಿ ಮಾಡಿಕೊಂಡಿದ್ದ. ಅದು ನೆನೆದ ಕಾಫಿಪುಡಿಯ ಬಣ್ಣಕ್ಕಿತ್ತು. ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೊರಟಾಗ, ಯಾಕೋ ಹೊಳೆದು, ಭಾವಮೈದ ಗೂಡಿನಲ್ಲಿದ್ದ ಮಾತ್ರೆಗಳನ್ನೆಲ್ಲ ಜೇಬಿಗೆ ತುಂಬಿಕೊಂಡ. ಅವನು ಅವತ್ತು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಎಂದು ಆಮೇಲೆ ಅವನ ಅಕ್ಕ ಹೇಳಿದಳು.

ಮೇಸ್ತ್ರಿಗೆ ರಕ್ತ ಏರಿಸಿದರು. ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿದರು. ಆಮೇಲೆ ಡಾಕ್ಟರಮ್ಮ ಮಂಚದ ಪಕ್ಕಕ್ಕೆ ಬಂದು ಮಾತ್ರೆಯ ಮೂರು ಹಾಳೆಗಳನ್ನು ಹೊದಿಕೆಯ ಮೇಲೆ ಸಾಲಾಗಿ ಇಟ್ಟರು.

"ಇದನ್ನೆಲ್ಲ ಒಟ್ಟಿಗೆ ತಗೊಳ್ಳಿ ಅಂತ ಯಾರು ಹೇಳಿದ್ದು?"

ಭಾವಮೈದ ಗೋಡೆಗೆ ಒರಗಿದ್ದವನು, "ಕೇಸರಿದು ನಾನು ಕೊಟ್ಟಿದ್ದು ಮೇಡಂ," ಎಂದ. ಅಷ್ಟು ಸಣ್ಣ ದನಿ ಅವನದು ಅಂತ ಯಾರೂ ನಂಬುತ್ತಿರಲಿಲ್ಲ.

"ಬಣ್ಣ ನೋಡಬೇಡಿ. ಮುಂದೆ ದೊಡ್ಡಕ್ಷರದಲ್ಲಿರೋದು ಕಂಪನಿಯವರು ಇಟ್ಕೊಂಡ ಹೆಸರು. ಸಣ್ಣಕ್ಷರದಲ್ಲಿ ಏನಿದೆ ನೋಡಿ. ನಿಮ್ಮದ್ರಲ್ಲಿ ಅಸಿಕ್ಲೊಫೆನಾಕ್ ಮತ್ತೆ ಪ್ಯಾರಾಸಿಟಮಾಲ್. ಇವರದ್ರಲ್ಲಿ ಡೈಕ್ಲೊಫೆನಾಕ್ ಮತ್ತೆ ಪ್ಯಾರಾಸಿಟಮಾಲ್. ಆ ಎರಡು 'ನಾಕ್'ಗಳೂ ಒಂದೇ ವಂಶದವು, ಮಾಡೋ ಕೆಲಸ ಒಂದೇ. ಒಟ್ಟಿಗೆ ನುಂಗಿದ್ರೆ ನೋವು ಎರಡು ಪಟ್ಟು ಕಡಿಮೆ ಆಗಲ್ಲ, ಅಪಾಯ ಮಾತ್ರ ಹೆಚ್ಚತ್ತೆ. ಜ್ವರದ ಮಾತ್ರೆ ಅಂತ ತಗೊಂಡ್ರಲ್ಲ, ಅದೂ ಪ್ಯಾರಾಸಿಟಮಾಲೇ. ಮೂರರಲ್ಲೂ ಅದಿದೆ. ಅದು ಮಿತಿ ಮೀರಿದ್ರೆ ಲಿವರ್ ಹೋಗತ್ತೆ."

"ಎರಡೂ ಬೇರೆ ಬೇರೆ ಕೆಲಸ ಮಾಡತ್ತೆ ಅಂದ್ಕೊಂಡಿದ್ದೆ," ಎಂದ ಮೇಸ್ತ್ರಿ.

"ಹೆಸರು ಬೇರೆ ಇದ್ರೆ ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಊತ ಇಳಿಸೋ ಔಷಧಿಗೆ ಹೊಟ್ಟೆಯ ಒಳಪದರ ಕೆಡಿಸೋ ಗುಣ ಇದೆ. ಅದಕ್ಕೇ ಊಟ ಆದ್ಮೇಲೆ, ಅದಕ್ಕೇ ಸ್ವಲ್ಪ ದಿನ ಮಾತ್ರ. ನೀವು ಖಾಲಿ ಹೊಟ್ಟೆಗೆ, ವಾರಗಟ್ಟಲೆ. ಹುಣ್ಣಾಗಿ ರಕ್ತ ಸೋರಿದೆ. ಕಪ್ಪಗೆ ಹೋಗ್ತಿರಲಿಲ್ವಾ?"

"ಹೋಗ್ತಿತ್ತು."

"ಅವತ್ತೇ ಮಾತ್ರೆ ನಿಲ್ಲಿಸಿ ಓಡಿ ಬರಬೇಕಿತ್ತು. ನೀರು ಎಷ್ಟು ಕುಡೀತೀರ?"

ಅವನು ಮಾಲಿನ ವಿಷಯ ಹೇಳಿದ. ಡಾಕ್ಟರಮ್ಮ ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. "ಅದಕ್ಕೇ ಕಿಡ್ನಿಯೂ ಸೋತಿದೆ. ಪುಣ್ಯಕ್ಕೆ ಸರಿಹೋಗೋ ಹಾಗಿದೆ. ಇನ್ನು ಈ ಜಾತಿಯ ಮಾತ್ರೆ ನಿಮಗೆ ಬೇಡ. ಯಾವ ಡಾಕ್ಟರ ಹತ್ರ ಹೋದ್ರೂ, ಯಾವ ಅಂಗಡಿಗೆ ಹೋದ್ರೂ ಹೊಟ್ಟೇಲಿ ರಕ್ತ ಸೋರಿತ್ತು ಅಂತ ಮೊದಲು ಹೇಳಿ. ನೋವು ತಡೆಯೋಕೆ ಆಗದಿದ್ರೆ ನಾನು ಬರೆದಷ್ಟು ಪ್ಯಾರಾಸಿಟಮಾಲ್ ಒಂದೇ. ಮಂಡಿಗೆ ಶಾಖ, ವ್ಯಾಯಾಮ. ಮೊಣಕಾಲೂರಿ ಕೂರೋ ಕೆಲಸ ಇಲ್ಲ."

"ಎಷ್ಟು ದಿನ?"

"ಸದ್ಯಕ್ಕೆ ಇಲ್ಲ ಅಂತ ಇಟ್ಕೊಳ್ಳಿ."

ಭಾವಮೈದನ ಕಡೆ ತಿರುಗಿದರು. "ನಿಮಗೆ ಆ ಮಾತ್ರೆ ಯಾರು ಬರೆದಿದ್ದು?"

"ನನಗೂ ಯಾರೋ ಫ್ರೆಂಡು ಕೊಟ್ಟಿದ್ದು ಮೇಡಂ."

"ನಾಳೆ ಬೆಳಿಗ್ಗೆ ಬಂದು ನಿಮ್ಮ ಹೊಟ್ಟೆ, ಬಿಪಿ ತೋರಿಸ್ಕೊಳ್ಳಿ."

ತಮ್ಮನ ಫೋನಿನಿಂದ ವಿಷಯ ತಿಳಿದಿದ್ದ ಹೆಂಡತಿ ಸಂಜೆ ಬಸ್ಸಿಳಿದು ಚೀಲದ ಸಮೇತ ಆಸ್ಪತ್ರೆಗೇ ಬಂದಳು. ಮೇಸ್ತ್ರಿ ಅವಳ ಹೆಜ್ಜೆಯ ಸದ್ದನ್ನು ಬಾಗಿಲಿಗಿಂತ ಮೊದಲೇ ಗುರುತು ಹಿಡಿದ. ಎಡಗಾಲು ಸ್ವಲ್ಪ ಎಳೆಯುತ್ತಾಳೆ, ಅದು ಹೊಸದು. ಕೂದಲು ಮುಂದೆ ಬೆಳ್ಳಗಾಗಿತ್ತು, ಅದೂ ಹೊಸದು. ಅವಳು ಗಂಡನ ಹಣೆ ಮುಟ್ಟಿ ನೋಡಿ, ತಿರುಗಿ ತಮ್ಮನನ್ನು ಹಿಡಿದುಕೊಂಡಳು.

"ನೀನೇನು ಡಾಕ್ಟ್ರೇನೋ?"

"ಅಕ್ಕಾ, ನನಗೆ ಒಗ್ಗಿದ್ದು ಭಾವನಿಗೂ ಒಗ್ಗತ್ತೆ ಅಂತ..."

"ನಿನ್ನ ಚಪ್ಪಲಿ ಭಾವನಿಗೆ ಆಗತ್ತೇನೋ? ಚಪ್ಪಲಿನೇ ಆಗಲ್ಲ, ಮಾತ್ರೆ ಆಗತ್ತಾ?"

ಭಾವಮೈದ ತನ್ನ ಪಾದ ನೋಡಿಕೊಂಡ. ಮೇಸ್ತ್ರಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯಿತು.

ಆಸ್ಪತ್ರೆಯಿಂದ ಬಿಟ್ಟ ದಿನ ಅವಳ ಭುಜ ಹಿಡಿದು ಮನೆಯೊಳಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ನಿಂತರು. ಗೋಡೆಯ ಕಡೆಯಿಂದ ತಿಳಿ ನೀಲಿ ನೆಲ ನೀಟಾಗಿ ಬಂದು, ಒಲೆಯ ಮುಂದೆ ತುಂಡಾಗಿ ನಿಂತಿತ್ತು. ಅಲ್ಲಿಂದ ಮುಂದೆ ಕರಣಿಯ ಗೀರುಗಳೊಂದಿಗೆ ಕಲ್ಲಾಗಿ ಬಿಗಿದ ಮಾಲು. ನಡುವೆ ಐದು ಬೆರಳೂ ಬಿಟ್ಟುಕೊಂಡು ಮೂಡಿದ ಒಂದು ಅಂಗೈ.

ತನ್ನ ಕೈಯಿಂದ ಇಂಥ ಕೆಟ್ಟ ಕೆಲಸ ಎಂದೂ ಆಗಿರಲಿಲ್ಲ. ಅವನು ಮುಖ ತಿರುಗಿಸಿದ. ಹೆಂಡತಿ ಮೆಲ್ಲಗೆ ಕೂತು, ಆ ಅಂಗೈಯ ಗುರುತಿನೊಳಗೆ ತನ್ನ ಕೈ ಇಟ್ಟಳು. ಅವಳ ಕೈ ಚಿಕ್ಕದು, ಸುತ್ತ ಜಾಗ ಉಳಿಯಿತು.

"ಯಾರ್ ಕೇಳಿದ್ರು ರೀ ಈ ನೆಲಾನ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಇದ್ದ. "ನೆಲ ಆದ್ರೆ ನೀನು ವಾಪಸ್ ಹೋಗಲ್ಲ ಅಂದ್ಕೊಂಡೆ."

ಅವಳು ತಲೆಯೆತ್ತಿ ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಷ್ಟುದ್ದದ ಮಾತನ್ನು ಅವಳು ಕೇಳಿದ್ದು ಕಡಿಮೆ.

"ಬಾಯಲ್ಲಿ ಹೇಳಬಾರದಾ?"

"ಹೇಳಿದ್ರೆ ಇರ್ತಿದ್ಯಾ?"

"ಗೊತ್ತಿಲ್ಲ. ಹೇಳಿದ್ರಲ್ಲ ಈಗ, ಈಗಲೂ ಗೊತ್ತಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಅಮ್ಮ ಬಾಗಿಲ ಕಡೆನೇ ನೋಡ್ತಾ ಮಲಗಿರತ್ತೆ. ಬೇರೆಯವರ ಕೈ ಒಗ್ಗೋ ತನಕ ಹೇಗೆ ಬಿಟ್ಟು ಬರ್ಲಿ? ಅವರ ಮಗಳಿಗೆ ಹೇಳ್ತೀನಿ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ. ಹೇಳೋದಂತೂ ಹೇಳ್ತೀನಿ."

"ಹೂಂ."

"ಹೂಂ ಅಲ್ಲ. ನೀವೂ ಒಂದು ಹೇಳಬೇಕು. ಮಂಡಿ ನೋವು ಹೇಗಿದೆ ಅಂತ ನಾನು ಕೇಳಿದ್ರೆ, ನೋಯ್ತಿದ್ರೆ ನೋಯ್ತಿದೆ ಅನ್ನಬೇಕು. ಏನಿಲ್ಲ ಅಂದ್ರೆ ಫೋನ್ ಇಟ್ಟುಬಿಡ್ತೀನಿ."

ರಜ ಮುಗಿಯುವ ತನಕ ಅವಳು ದಿನಾ ಬಿಸಿನೀರಿನ ಬಟ್ಟೆ ಹಿಂಡಿ ಮಂಡಿಗೆ ಶಾಖ ಕೊಟ್ಟಳು, ಕುರ್ಚಿಯ ಮೇಲೆ ಕೂರಿಸಿ ಕಾಲು ಎತ್ತಿ ಇಳಿಸುವುದು ಮಾಡಿಸಿದಳು, ಲೋಟ ಲೋಟ ನೀರು ಕುಡಿಸಿದಳು. ಒಲೆಯ ಮುಂದೆ ಆ ಗೀರುಗಳ ಮೇಲೇ ನಿಂತು ಅಡುಗೆ ಮಾಡಿದಳು. ಆಮೇಲೆ ಚೀಲ ಹಿಡಿದು ಬಸ್ಸು ಹತ್ತಿದಳು. ಬಸ್ಸು ತಿರುವು ದಾಟಿದರೂ ಮೇಸ್ತ್ರಿ ನಿಂತೇ ಇದ್ದ. ಭಾವಮೈದ ಅವತ್ತು ಮನೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಈಗ ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಟೈಲ್ಸ್ ಕತ್ತರಿಸಿಕೊಡುತ್ತಾನೆ, ಊರುವ ಮೊಣಕಾಲು ಭಾವಮೈದನದು. ಅವನ ಮೊಣಕಾಲ ಕೆಳಗೆ ದಪ್ಪ ಸ್ಪಂಜಿನ ದಿಂಬು ಇರುತ್ತದೆ, ಮಾಲನ್ನು ಸ್ವಲ್ಪ ಸ್ವಲ್ಪವೇ ಹರಡುತ್ತಾನೆ, ನಡುನಡುವೆ ಎದ್ದು ನೀರು ಕುಡಿಯುತ್ತಾನೆ. ಕುಡಿಯದಿದ್ದರೆ ಮೇಸ್ತ್ರಿ ಸುತ್ತಿಗೆಯಿಂದ ಬಕೆಟ್ಟಿಗೆ ಕುಟ್ಟುತ್ತಾನೆ. ಸಂಜೆ ಮಂಡಿ ನೋಯುತ್ತದೆ. ಭಾನುವಾರ ಫೋನು ಬಂದಾಗ, ನೋಯ್ತಿದೆ ಅನ್ನುತ್ತಾನೆ. ಬೇರೆಯವರು ಸಿಕ್ಕರಾ ಅಂತ ಕೇಳುತ್ತಾನೆ. ಒಬ್ಬಳು ಬಂದಿದ್ದಳು, ಅಮ್ಮ ತಟ್ಟೆ ನೂಕಿಬಿಟ್ಟರು ಅನ್ನುತ್ತಾಳೆ ಅವಳು. ಇನ್ನೊಬ್ಬಳು ಬರುವವಳಿದ್ದಾಳೆ ಅನ್ನುತ್ತಾಳೆ.

ಮೊನ್ನೆ ಭಾವಮೈದ ಉಳಿ ಸುತ್ತಿಗೆ ತೆಗೆದುಕೊಂಡು ಮನೆಗೆ ಬಂದ.

"ಭಾವ, ಒಲೆ ಮುಂದಿನ ಆ ಮಾಲು ಒಡೆದು ಹಾಕಿ, ನಾಲ್ಕು ಸಾಲು ಕೂರಿಸಿಬಿಡ್ತೀನಿ. ಒಂದು ಬೆಳಿಗ್ಗೆ ಕೆಲಸ."

"ಬೇಡ."

"ಯಾಕೆ? ಎಡವಿ ಬೀಳ್ತೀರ."

"ಬೀಳಲ್ಲ."

"ಅಕ್ಕ ಬಂದ್ರೆ ಬೈತಾಳೆ, ಇನ್ನೂ ಹಾಗೇ ಬಿಟ್ಟಿದೀರಲ್ಲ ಅಂತ."

ಮೇಸ್ತ್ರಿ ಅವನ ಕೈಯಿಂದ ಉಳಿ ತೆಗೆದು ಗೂಡಿನಲ್ಲಿಟ್ಟ.

"ಬೈಲಿ," ಎಂದ. "ಬಂದು ಬೈಲಿ."